ವೇಲ್ಸ್‌ನ ಗ್ರಾಮೀಣ ಮತ್ತು ಕರಾವಳಿ ತಂಗುಮನೆಗಳು

ವೇಲ್ಸ್‌ನ ಹಳ್ಳಿಗಾಡಿನಲ್ಲೂ ಕಡಲತೀರದಲ್ಲೂ ರಜೆ ಕಳೆಯಲು ಬರುವವರಿಗೆ ದಿನದ ಇಲ್ಲವೆ ವಾರದ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಮನೆ, ಕೋಣೆ ಮತ್ತು ಬಿಡಾರಗಳು. ರೈತರ ಕಲ್ಲುಮನೆ, ಸ್ಲೇಟು ಗಣಿಯವರ ಸಾಲುಮನೆ, ದೀಪಸ್ತಂಭ ಕಾಯುವವರ ವಸತಿ, ಪಾದ್ರಿಯ ಬಂಗಲೆ, ದನದ ಕೊಟ್ಟಿಗೆ, ಹಳೆಯ ಹೆದ್ದಾರಿಯ ಪಾಂಥಶಾಲೆ, ಕೋಟೆಯ ಬುರುಜು, ಯೂತ್ ಹಾಸ್ಟೆಲ್, ಕ್ಯಾರವಾನ್, ಡೇರೆ ಎಲ್ಲವೂ ಇವುಗಳಲ್ಲಿ ಸೇರಿವೆ. ಹೆಸರಾದ ತಂಗುಮನೆಗಳಲ್ಲಿ ಅನೇಕವು ಪ್ರವಾಸಿಗರಿಗೆಂದು ಕಟ್ಟಿದವಲ್ಲ. ದುಡಿಯುವವರು ತಮಗಾಗಿ ಕಟ್ಟಿಕೊಂಡು, ದುಡಿಮೆ ನಿಂತ ಮೇಲೆ ಕೈಬದಲಾದವು. ಇಂದಿನ ಅತಿಥಿ ಹುಡುಕಿಕೊಂಡು ಬರುವ ಬೆಚ್ಚನೆಯ ಮೂಲೆ ಒಂದು ಕಾಲಕ್ಕೆ ಮಳೆಗಾಳಿಯ ನಡುವೆ ಬದುಕಲು ಮಾಡಿಕೊಂಡ ಏರ್ಪಾಡು. ಹೀಗಾಗಿ ಈ ಮನೆಗಳ ಚರಿತ್ರೆ ವೇಲ್ಸ್‌ನ ಕೃಷಿ, ಗಣಿ, ರೈಲು, ಧರ್ಮ ಮತ್ತು ಭಾಷೆಯ ಚರಿತ್ರೆಯಿಂದ ಬೇರೆಯಲ್ಲ. ಅವುಗಳ ಭವಿಷ್ಯವೂ ಆ ಊರುಗಳಲ್ಲಿ ಊರಿನವರೇ ಬಾಳಬಲ್ಲರೇ ಎಂಬುದರ ಮೇಲೆ ನಿಂತಿದೆ.

ನೆಲ ಮತ್ತು ಹವೆ

ವೇಲ್ಸ್‌ನ ವಿಸ್ತೀರ್ಣ ಸುಮಾರು 20,779 ಚ.ಕಿಮೀ. 2021ರ ಜನಗಣತಿಯಂತೆ ಜನಸಂಖ್ಯೆ ಸುಮಾರು 31 ಲಕ್ಷ. ಕಾರ್ಡಿಫ್, ನ್ಯೂಪೋರ್ಟ್, ಸ್ವಾನ್ಸೀ ನಗರಗಳೂ ಹಳೆಯ ಕಲ್ಲಿದ್ದಲು ಕಣಿವೆಗಳೂ ಇರುವ ದಕ್ಷಿಣ ಭಾಗದಲ್ಲಿ ಜನ ಒತ್ತಾಗಿ ನೆಲೆಸಿದ್ದಾರೆ. ನಡುನಾಡೂ ವಾಯವ್ಯ ಭಾಗವೂ ಬೆಟ್ಟ, ಕುರಿಗಾವಲು ಮತ್ತು ಚದುರಿದ ಒಕ್ಕಲುಮನೆಗಳ ಪ್ರದೇಶ. ದೇಶದ ನೆಲದಲ್ಲಿ ಸುಮಾರು ಐದನೆಯ ಒಂದು ಭಾಗ ಮೂರು ರಾಷ್ಟ್ರೀಯ ಉದ್ಯಾನಗಳಿಗೆ ಸೇರಿದೆ. ಸ್ನೋಡೋನಿಯ ಎಂದು ಹೊರಗಿನವರು ಕರೆಯುತ್ತಿದ್ದ ಎರರಿ 1951ರಲ್ಲಿ, ಪೆಂಬ್ರೋಕ್‌ಷೈರ್ ಕರಾವಳಿ 1952ರಲ್ಲಿ, ಬ್ರೆಕನ್ ಬೀಕನ್ಸ್ 1957ರಲ್ಲಿ ಉದ್ಯಾನಗಳಾದವು. ಮೊದಲನೆಯದು 2022ರಿಂದ, ಮೂರನೆಯದು 2023ರಿಂದ ತಮ್ಮ ವೆಲ್ಷ್ ಹೆಸರುಗಳಾದ ಎರರಿ ಮತ್ತು ಬನ್ನೈ ಬ್ರಖೈನ್ಯೋಗ್ ಎಂಬುವನ್ನೇ ಬಳಸುತ್ತಿವೆ. ಎರರಿಯ ಸ್ನೋಡನ್ 1,085 ಮೀ. ಎತ್ತರವಿದ್ದು ವೇಲ್ಸ್‌ನ ಅತ್ಯುನ್ನತ ಶಿಖರ. ದಕ್ಷಿಣದ ಪೆನ್ ಅ ವಾನ್ 886 ಮೀ. ಎತ್ತರವಿದೆ. ಸ್ವಾನ್ಸೀ ಪಕ್ಕದ ಗವರ್ ಪರ್ಯಾಯದ್ವೀಪ 1956ರಲ್ಲಿ ಬ್ರಿಟನ್ನಿನಲ್ಲೇ ಮೊದಲಿಗೆ ವಿಶಿಷ್ಟ ಪ್ರಕೃತಿಸೌಂದರ್ಯದ ಪ್ರದೇಶವೆಂದು ರಕ್ಷಣೆ ಪಡೆಯಿತು.

ಅಟ್ಲಾಂಟಿಕ್ ಸಾಗರದಿಂದ ಬೀಸುವ ನೈಋತ್ಯ ಮಾರುತ ಬೆಟ್ಟಗಳಿಗೆ ಬಡಿದು ಮಳೆ ಸುರಿಸುತ್ತದೆ. ಎರರಿಯ ಶಿಖರಗಳಲ್ಲಿ ವರ್ಷಕ್ಕೆ 3,000 ಮಿಮೀ.ಗೂ ಹೆಚ್ಚು ಮಳೆ ಬಿದ್ದರೆ ತೀರದ ಹಲವೆಡೆ 1,000 ಮಿಮೀ. ಮುಟ್ಟುವುದಿಲ್ಲ. ಮಳೆ ಇಲ್ಲಿ ಒಂದು ಋತುವಿಗೆ ಸೀಮಿತವಲ್ಲ. ಜುಲೈಯಲ್ಲೂ ಬೆಳಗ್ಗೆ ಬಿಸಿಲು, ಮಧ್ಯಾಹ್ನ ಜಿನುಗು, ಸಂಜೆ ಮತ್ತೆ ಬಿಸಿಲು ಎಂಬುದು ಸಾಮಾನ್ಯ. ಆದ್ದರಿಂದ ಇಲ್ಲಿನ ರಜೆಯಲ್ಲಿ ಮನೆಯೊಳಗಿನ ಹೊತ್ತಿಗೂ ಹೊರಗಿನ ಹೊತ್ತಿನಷ್ಟೇ ಬೆಲೆಯಿದೆ. ಬ್ರಿಸ್ಟಲ್ ಕೊಲ್ಲಿಯ ಉಬ್ಬರವಿಳಿತ ಜಗತ್ತಿನ ಅತಿ ದೊಡ್ಡವುಗಳಲ್ಲಿ ಒಂದು. ಗವರ್‌ನ ತುದಿಯಲ್ಲಿರುವ ವರ್ಮ್ಸ್ ಹೆಡ್ ದಿಬ್ಬಕ್ಕೆ ಇಳಿತದ ಹಿಂದುಮುಂದಿನ ಕೆಲವು ಗಂಟೆಗಳಲ್ಲಿ ಮಾತ್ರ ಬಂಡೆಗಳ ಮೇಲೆ ನಡೆದು ಹೋಗಿಬರಬಹುದು. ಕಡಲತೀರದ ಮನೆಗಳಲ್ಲಿ ಉಬ್ಬರವಿಳಿತದ ವೇಳಾಪಟ್ಟಿಯನ್ನು ಅತಿಥಿಗಳ ಕಣ್ಣಿಗೆ ಬೀಳುವಂತೆ ಇಡುವುದು ಈ ಕಾರಣಕ್ಕೆ.

ಇತಿಹಾಸ

ಮಧ್ಯಯುಗದಲ್ಲಿ ದಾರಿಹೋಕರಿಗೆ ಆಶ್ರಯ ಕೊಡುತ್ತಿದ್ದವು ಮಠಗಳು. 1131ರಲ್ಲಿ ವೈ ನದಿಯ ದಡದಲ್ಲಿ ಸ್ಥಾಪನೆಯಾದ ಟಿಂಟರ್ನ್, 1164ರ ಸ್ಟ್ರಾಟ ಫ್ಲೋರಿಡ ಮುಂತಾದ ಸಿಸ್ಟರ್ಶಿಯನ್ ಮಠಗಳಿಗೆ ಅತಿಥಿಸತ್ಕಾರ ಧರ್ಮದ ಕಟ್ಟಳೆಯಾಗಿತ್ತು. ಮುಂದೆ ಆ ಹೊಣೆ ದನಗಾಹಿ ವ್ಯಾಪಾರಿಗಳ ದಾರಿಯಲ್ಲಿದ್ದ ಪಾಂಥಶಾಲೆಗಳಿಗೆ ಬಂತು. ವೇಲ್ಸ್‌ನ ಕಪ್ಪು ದನಗಳನ್ನು ಇಂಗ್ಲೆಂಡಿನ ಸಂತೆಗಳಿಗೆ ನಡೆಸಿಕೊಂಡು ಹೋಗುತ್ತಿದ್ದ ಈ ವ್ಯಾಪಾರಿಗಳಿಗೆ ಹೊಲದಲ್ಲಿ ಮೇವು, ಒಳಗೆ ಊಟ, ಹಣ ಇಡಲು ಭದ್ರ ಜಾಗ ಮೂರೂ ಬೇಕಿತ್ತು. 1799ರಲ್ಲಿ ಲಾಂಡವರಿ ಪಟ್ಟಣದಲ್ಲಿ ಡೇವಿಡ್ ಜೋನ್ಸ್ ಎಂಬ ದನದ ವ್ಯಾಪಾರಿ ಆರಂಭಿಸಿದ ಕಪ್ಪು ಎತ್ತಿನ ಬ್ಯಾಂಕು ನಡೆದದ್ದೂ ಒಂದು ಪಾಂಥಶಾಲೆಯಲ್ಲೇ.

ನೋಟ ಸವಿಯಲು ಬರುವವರ ಕಾಲ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಮೊದಲಾಯಿತು. ಥಾಮಸ್ ಪೆನಂಟನ ವೇಲ್ಸ್ ಪ್ರವಾಸ ಗ್ರಂಥದ ಮೊದಲ ಸಂಪುಟ 1778ರಲ್ಲೂ ವೈ ನದಿಯ ಬಗೆಗಿನ ವಿಲಿಯಂ ಗಿಲ್ಪಿನನ ಕೃತಿ 1782ರಲ್ಲೂ ಬಂದವು. ಫ್ರಾನ್ಸಿನ ಕ್ರಾಂತಿ ಮತ್ತು ಯುದ್ಧಗಳಿಂದ ಯುರೋಪಿನ ಪ್ರಯಾಣ ಕಷ್ಟವಾದಾಗ ಸಿರಿವಂತ ಇಂಗ್ಲಿಷರು ವೇಲ್ಸ್‌ನ ಜಲಪಾತ, ಹಾಳುಮಠ, ಬೆಟ್ಟಗಳತ್ತ ತಿರುಗಿದರು. ರಾಸ್ ಪಟ್ಟಣದಿಂದ ಚೆಪ್‌ಸ್ಟೋವರೆಗೆ ದೋಣಿಯಲ್ಲಿ ತೇಲುತ್ತ ಸಾಗುವ ವೈ ಪ್ರವಾಸ ಬ್ರಿಟನ್ನಿನ ಮೊದಲ ವ್ಯವಸ್ಥಿತ ವಿಹಾರಗಳಲ್ಲಿ ಒಂದಾಯಿತು. 1780ರಿಂದ ಲಾನ್‌ಗೊಲೆನ್‌ನ ಪ್ಲಾಸ್ ನೆವಿದ್ ಮನೆಯಲ್ಲಿ ನೆಲೆಸಿದ ಎಲೀನರ್ ಬಟ್ಲರ್ ಮತ್ತು ಸಾರಾ ಪಾನ್ಸನ್‌ಬಿ ಎಂಬ ಐರಿಷ್ ಗೆಳತಿಯರನ್ನು ಕಾಣಲು ಕವಿಗಳೂ ಸೇನಾಪತಿಗಳೂ ಬರುತ್ತಿದ್ದರು. ಥಾಮಸ್ ಟೆಲ್‌ಫರ್ಡ್ ರೂಪಿಸಿದ ಹೋಲಿಹೆಡ್ ರಸ್ತೆಯೂ 1826ರಲ್ಲಿ ತೆರೆದ ಮೆನೈ ತೂಗುಸೇತುವೆಯೂ ಬೆಟ್ಟದ ಒಳನಾಡಿಗೆ ಗಾಡಿಗಳನ್ನು ತಂದವು. ಆ ರಸ್ತೆಯ ಬೆತುಸ್ ಅ ಕೋಯ್ಡ್ ಹಳ್ಳಿ ಚಿತ್ರಕಾರರ ಬೀಡಾಯಿತು. ಅಲ್ಲಿನ ರಾಯಲ್ ಓಕ್ ಪಾಂಥಶಾಲೆಯಲ್ಲಿ ತಂಗುತ್ತಿದ್ದ ಡೇವಿಡ್ ಕಾಕ್ಸ್ 1847ರಲ್ಲಿ ಅದರ ನಾಮಫಲಕವನ್ನೇ ಬರೆದುಕೊಟ್ಟ.

ಕಡಲತೀರದ ಬೆಳವಣಿಗೆಗೆ ಭಾರತದ ಹಣವೂ ಸೇರಿದೆ. ಕಲ್ಕತ್ತದ ಟಂಕಸಾಲೆಯಲ್ಲಿ ಲೋಹಪರೀಕ್ಷಕನಾಗಿ, ಆಮೇಲೆ ಲೇವಾದೇವಿಯಲ್ಲಿ ಐಶ್ವರ್ಯ ಗಳಿಸಿ ಮರಳಿದ ಸರ್ ವಿಲಿಯಂ ಪ್ಯಾಕ್ಸ್‌ಟನ್ ಹತ್ತೊಂಬತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಪಾಳುಬಿದ್ದಿದ್ದ ಟೆನ್ಬಿ ಬಂದರಿಗೆ ಸ್ನಾನಗೃಹಗಳನ್ನೂ ವಸತಿಗಳನ್ನೂ ಕಟ್ಟಿಸಿ ಅದನ್ನು ಸಮುದ್ರಸ್ನಾನದ ಊರಾಗಿಸಿದ. ಉತ್ತರದಲ್ಲಿ ಲಾನ್‌ಡಿಡ್ನೊ ಪಟ್ಟಣವನ್ನು ಮೋಸ್ಟಿನ್ ಮನೆತನ ನಕ್ಷೆ ಹಾಕಿ ಕಟ್ಟಿಸಿತು. ಬಾಗಿದ ತೀರದುದ್ದಕ್ಕೂ ನಿಂತ ಅಲ್ಲಿನ ಹೋಟೆಲುಗಳ ಸಾಲು ಇಂದಿಗೂ ಹಾಗೇ ಇದೆ.

ರೈಲು ಬಂದ ಮೇಲೆ ರಜೆ ಮಧ್ಯಮವರ್ಗಕ್ಕೂ ಕಾರ್ಮಿಕರಿಗೂ ಎಟುಕಿತು. ಚೆಸ್ಟರ್–ಹೋಲಿಹೆಡ್ ಮಾರ್ಗ ಉತ್ತರ ತೀರವನ್ನೂ 1867ರ ಹೊತ್ತಿಗೆ ಪುಲ್‌ಹೆಲಿ ಮುಟ್ಟಿದ ಕೇಂಬ್ರಿಯನ್ ಮಾರ್ಗ ಪಶ್ಚಿಮ ತೀರವನ್ನೂ ತೆರೆದವು. ರೈಲು ಗುತ್ತಿಗೆದಾರ ಥಾಮಸ್ ಸ್ಯಾವಿನ್ ಅಬರಿಸ್ಟ್‌ವಿತ್ ಕಡಲಂಚಿನಲ್ಲಿ ಭಾರಿ ಹೋಟೆಲೊಂದನ್ನು ಕಟ್ಟಿಸಿ ರೈಲು ಟಿಕೆಟ್ ಮತ್ತು ವಸತಿಯನ್ನು ಒಟ್ಟಿಗೆ ಮಾರಲು ಹೊರಟ. ಯೋಜನೆ ದಿವಾಳಿಯಾಗಿ ಆ ಕಟ್ಟಡ 10,000 ಪೌಂಡಿಗೆ ಮಾರಾಟವಾಯಿತು. 1872ರಲ್ಲಿ ಅದೇ ವೇಲ್ಸ್‌ನ ಮೊದಲ ವಿಶ್ವವಿದ್ಯಾಲಯ ಕಾಲೇಜಾಯಿತು. ತೀರದ ಸಾಮಾನ್ಯ ಕುಟುಂಬಗಳಿಗೆ ಆಸರೆಯಾದವರು ಮನೆಯ ಕೋಣೆಗಳನ್ನೇ ಬಾಡಿಗೆಗೆ ಕೊಡುತ್ತಿದ್ದ ಗೃಹಿಣಿಯರು. ಅತಿಥಿಗಳು ಪೇಟೆಯಿಂದ ತಂದ ಸಾಮಾನನ್ನು ಅವರೇ ಬೇಯಿಸಿ ಬಡಿಸುತ್ತಿದ್ದರು. ಒಳನಾಡಿನಲ್ಲಿ ಲಾಂಡ್ರಿಂಡಾಡ್ ವೆಲ್ಸ್ ಖನಿಜಜಲದ ಊರಾಗಿ ಬೆಳೆಯಿತು. 1881ರ ಕಾಯಿದೆ ವೇಲ್ಸ್‌ನ ಪಾನಗೃಹಗಳಿಗೆ ಭಾನುವಾರ ಬಾಗಿಲು ಹಾಕಿಸಿತು. 1961ರಿಂದ ಜಿಲ್ಲೆಗಳ ಮತದಾನದ ಮೂಲಕ ಇದು ಸಡಿಲಗೊಂಡಿತಾದರೂ ಕೊನೆಯ ಜಿಲ್ಲೆಯಾದ ದ್ವಿವೋರ್ ಒಪ್ಪಿದ್ದು 1996ರಲ್ಲಿ.

ಇಪ್ಪತ್ತನೆಯ ಶತಮಾನದಲ್ಲಿ ನಡಿಗೆಯ ಹವ್ಯಾಸ ಬೆಳೆಯಿತು. 1930ರ ಕೊನೆಯಲ್ಲಿ ಕಾನ್ವಿ ಕಣಿವೆಯ ಪೆನಂಟ್ ಹಾಲ್‌ನಲ್ಲಿ ಬ್ರಿಟನ್ನಿನ ಮೊದಲ ಯೂತ್ ಹಾಸ್ಟೆಲ್ ತೆರೆಯಿತು. ಅದು ಹೆಚ್ಚು ಕಾಲ ಬಾಳಲಿಲ್ಲ. ಮರುವರ್ಷ ಆರಂಭವಾದ ಇಡ್ವಲ್ ಕಾಟೇಜ್ ಇಂದಿಗೂ ನಡೆಯುತ್ತಿದೆ. ಸಂಬಳಸಹಿತ ರಜೆಯ 1938ರ ಕಾಯಿದೆ ಕಾರ್ಮಿಕ ಕುಟುಂಬಗಳಿಗೆ ದಾರಿ ತೆರೆದರೆ, ಯುದ್ಧದ ನಂತರ 1947ರಲ್ಲಿ ಪುಲ್‌ಹೆಲಿ ಬಳಿ ಬಿಲ್ಲಿ ಬಟ್ಲಿನ್ ತೆರೆದ ರಜಾ ಶಿಬಿರ ಸಾವಿರಾರು ಜನರನ್ನು ಒಮ್ಮೆಗೇ ತಂಗಿಸಿಕೊಂಡಿತು. ದಕ್ಷಿಣದ ಕಲ್ಲಿದ್ದಲು ಗಣಿಗಳು ಜುಲೈ ಕೊನೆ ಮತ್ತು ಆಗಸ್ಟ್ ಮೊದಲ ವಾರದಲ್ಲಿ ಒಟ್ಟಿಗೆ ಮುಚ್ಚುತ್ತಿದ್ದವು. ಗಣಿಗಾರರ ಹದಿನೈದು ದಿನವೆಂದು ಹೆಸರಾದ ಆ ಅವಧಿಯಲ್ಲಿ ಕಣಿವೆಯ ಬೀದಿಗಳು ಹಾಗೆಹಾಗೇ ಎದ್ದು ಪೋರ್ತ್‌ಕಾಲ್‌ನ ಟ್ರೆಕೊ ಬೇ ಕ್ಯಾರವಾನ್ ತಾಣಕ್ಕೆ ಬರುತ್ತಿದ್ದವು. ನೆರೆಮನೆಯವರೇ ನೆರೆಯ ಕ್ಯಾರವಾನಿನಲ್ಲಿರುತ್ತಿದ್ದರು. ವೇಲ್ಸ್‌ನ ರಜಾ ಪರಂಪರೆಯಲ್ಲಿ ಕವಿ–ಚಿತ್ರಕಾರರ ಪಾಂಥಶಾಲೆಗಳಷ್ಟೇ ಗೌರವದ ಸ್ಥಾನ ಈ ಕ್ಯಾರವಾನುಗಳಿಗೂ ಸಲ್ಲಬೇಕು.

ಮನೆಯ ಕಟ್ಟಡ

ಬೆಟ್ಟನಾಡಿನ ರೈತರಿಗೆ ಹಿಂದೆ ಎರಡು ಮನೆಗಳಿದ್ದವು. ಕಣಿವೆಯಲ್ಲಿ ಹೆಂಡ್ರೆ ಎಂಬ ಚಳಿಗಾಲದ ಮೂಲಮನೆ, ಮೇಲಿನ ಹುಲ್ಲುಗಾವಲಿನಲ್ಲಿ ಹವೋದ್ ಎಂಬ ಬೇಸಗೆಯ ಬಿಡಾರ. ಮೇ ಒಂದರ ಹೊತ್ತಿಗೆ ದನಗಳೊಂದಿಗೆ ಮೇಲೇರಿ ನವೆಂಬರ್ ಒಂದರ ಹೊತ್ತಿಗೆ ಇಳಿಯುವುದು ವಾಡಿಕೆ. ಇಂದು ಎಷ್ಟೋ ತಂಗುಮನೆಗಳ ಹೆಸರಿನಲ್ಲಿ ಈ ಪದಗಳು ಉಳಿದಿವೆ. ಉದ್ದಮನೆಯಲ್ಲಿ ಒಂದೇ ಸೂರಿನಡಿ ಮೇಲ್ತುದಿಗೆ ಜನ, ಇಳಿಜಾರಿನ ಕೆಳತುದಿಗೆ ದನ ಇರುತ್ತಿದ್ದರು. ನಡುವಿನ ಹಾದಿ ಇಬ್ಬರಿಗೂ ಒಂದೇ. ಪಶ್ಚಿಮ ತೀರದ ಬಡವರ ಮನೆಯಲ್ಲಿ ಒಂದೇ ಕೋಣೆ, ಅದರ ಅರ್ಧಕ್ಕೆ ಮಲಗಲು ಅಟ್ಟ, ಹತ್ತಲು ಏಣಿ. ಗೋಡೆಗಳು ಕಾಡುಗಲ್ಲಿನವು, ಎರಡು ಅಡಿಗೂ ಮಿಕ್ಕು ದಪ್ಪ, ಮೇಲೆ ಸುಣ್ಣದ ಲೇಪ. ವಾಯವ್ಯದಲ್ಲಿ ಛಾವಣಿಗೂ ನೆಲಕ್ಕೂ ಸ್ಥಳೀಯ ಸ್ಲೇಟು. ಆ ಸ್ಲೇಟು ತೆಗೆದ ಗಣಿಗಳ ಭೂದೃಶ್ಯ 2021ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು.

ಮನೆಯ ಜೀವ ಅದರ ಒಲೆಗೂಡು. ಒಳಗೆ ಆಸನ ಹಾಕಿ ಕೂರುವಷ್ಟು ಅಗಲವಾದ, ಮೇಲೆ ಓಕ್ ಮರದ ದಪ್ಪ ತೊಲೆ ಹೊತ್ತ ಈ ಗೂಡಿನಲ್ಲೇ ಅಡುಗೆ, ಬಟ್ಟೆ ಒಣಗಿಸುವುದು, ಸಂಜೆಯ ಮಾತುಕತೆ ಎಲ್ಲ ನಡೆಯುತ್ತಿತ್ತು. ಇಂದಿನ ತಂಗುಮನೆಗಳು ಅದೇ ಗೂಡಿನಲ್ಲಿ ಕಟ್ಟಿಗೆ ಸುಡುವ ಮುಚ್ಚಿದ ಕಬ್ಬಿಣದ ಒಲೆ ಇಟ್ಟಿವೆ. ತೆರೆದ ಬೆಂಕಿಗಿಂತ ಇದು ಕಡಿಮೆ ಕಟ್ಟಿಗೆಯಲ್ಲಿ ಹೆಚ್ಚು ಶಾಖ ಕೊಡುತ್ತದೆ. ಮಂಚದ ಮೇಲೆ ಹಾಸುವ, ಎರಡು ಪದರದಲ್ಲಿ ಚೌಕಳಿ ಮೂಡಿಸಿ ನೇಯ್ದ ಉಣ್ಣೆಯ ಕಂಬಳಿ ವೇಲ್ಸ್‌ನ ಹೆಮ್ಮೆಯ ವಸ್ತು. ಪೆಂಬ್ರೋಕ್‌ಷೈರ್‌ನ ಮೆಲಿನ್ ಟ್ರೆಗ್ವಿಂಟ್‌ನಂಥ ನೇಯ್ಗೆ ಗಿರಣಿಗಳಲ್ಲಿ ಇದು ಈಗಲೂ ತಯಾರಾಗುತ್ತದೆ. ಸುಣ್ಣದ ಬದಲು ಸಿಮೆಂಟು ಬಳಿದರೆ ಕಲ್ಲುಗೋಡೆ ತೇವವನ್ನು ಹೊರಬಿಡಲಾರದೆ ಒಳಗೇ ಬೂಸು ಹಿಡಿಯುತ್ತದೆ. ಹಾಗಾಗಿ ಒಳ್ಳೆಯ ಜೀರ್ಣೋದ್ಧಾರವೆಂದರೆ ಹಳೆಯ ಕಸುಬನ್ನು ಮತ್ತೆ ಕಲಿಯುವುದೇ ಆಗಿದೆ.

ವಸತಿಯ ಬಗೆಗಳು

ಅಡುಗೆಮನೆ ಸಹಿತ ಇಡೀ ಮನೆಯನ್ನು ವಾರಕ್ಕೆ ಕೊಡುವುದು ಪ್ರಚಲಿತ ಪದ್ಧತಿ. ಎರಡನೆಯದು ಮಲಗುಕೋಣೆ ಮತ್ತು ಬೆಳಗಿನ ಉಪಾಹಾರ ಮಾತ್ರ ಒದಗಿಸುವ ಬಿ ಅಂಡ್ ಬಿ. ಒಕ್ಕಲುಮನೆಗಳಲ್ಲಿ ಇದನ್ನು ಬಹುತೇಕ ಮನೆಯೊಡತಿಯೇ ನಡೆಸಿಕೊಂಡು ಬಂದಿದ್ದಾಳೆ. ಕುರಿ ಮತ್ತು ಹೈನಿನ ಆದಾಯ ಸಾಲದಾದಾಗ, ಅದರಲ್ಲೂ 1984ರಲ್ಲಿ ಹಾಲಿಗೆ ಮಿತಿ ಬಿದ್ದ ಮೇಲೆ, ಖಾಲಿ ಕೊಟ್ಟಿಗೆಗಳನ್ನು ಮನೆಗಳಾಗಿ ಮಾರ್ಪಡಿಸುವುದು ಹಿಡುವಳಿ ಉಳಿಸಿಕೊಳ್ಳುವ ಒಂದು ದಾರಿಯಾಯಿತು.

ಚಾರಿತ್ರಿಕ ಕಟ್ಟಡಗಳನ್ನು ಉಳಿಸಲೆಂದೇ ಬಾಡಿಗೆಗೆ ಕೊಡುವ ಸಂಸ್ಥೆಗಳು ಇಲ್ಲಿ ದೊಡ್ಡ ಕೆಲಸ ಮಾಡಿವೆ. 1965ರಲ್ಲಿ ಜಾನ್ ಮತ್ತು ಕ್ರಿಶ್ಚಿಯನ್ ಸ್ಮಿತ್ ದಂಪತಿ ಆರಂಭಿಸಿದ ಲ್ಯಾಂಡ್‌ಮಾರ್ಕ್ ಟ್ರಸ್ಟ್ ಕುಸಿಯುತ್ತಿದ್ದ ಕಟ್ಟಡಗಳನ್ನು ದುರಸ್ತಿ ಮಾಡಿ, ಬಾಡಿಗೆಯಿಂದಲೇ ಅವುಗಳ ನಿರ್ವಹಣೆ ನಡೆಸುತ್ತದೆ. ಮನ್ಮತ್‌ಷೈರ್‌ನ ಲ್ವಿನ್ ಕೆಲಿನ್ 1420ರ ಸುಮಾರಿನ ಮನೆ. ತೊಲೆಗಳ ವಾರ್ಷಿಕ ಉಂಗುರಗಳಿಂದ ಅದರ ಕಾಲ ಗೊತ್ತಾಗಿದೆ. 2018ರಲ್ಲಿ ಅದು ಅತಿಥಿಗಳಿಗೆ ತೆರೆಯಿತು. ಕಾರ್ನಾರ್ವನ್ ಪಟ್ಟಣದ ಮಧ್ಯಯುಗದ ಕೋಟೆಗೋಡೆಯ ಬುರುಜು, ಮಿಲ್‌ಫರ್ಡ್ ಹೇವನ್ ಬಂದರನ್ನು ಕಾಯಲು 1857ರಲ್ಲಿ ಮುಗಿಸಿದ ವೆಸ್ಟ್ ಬ್ಲಾಕ್‌ಹೌಸ್ ಕೂಡ ಈ ಟ್ರಸ್ಟಿನವೇ. ನ್ಯಾಷನಲ್ ಟ್ರಸ್ಟ್‌ಗೂ ವೇಲ್ಸ್‌ಗೂ ಹುಟ್ಟಿನಿಂದಲೇ ನಂಟಿದೆ: 1895ರಲ್ಲಿ ಫ್ಯಾನಿ ಟಾಲ್ಬಟ್ ದಾನ ಕೊಟ್ಟ ಬಾರ್ಮತ್‌ನ ದಿನಾಸ್ ಓಲೈ ಬೆಟ್ಟವೇ ಆ ಸಂಸ್ಥೆ ಪಡೆದ ಮೊದಲ ನೆಲ. ಗವರ್‌ನ ರೊಸಿಲಿ ಕೊಲ್ಲಿಯ ಮೇಲೆ ಒಂಟಿಯಾಗಿ ನಿಂತ ಹಳೆಯ ಪಾದ್ರಿಮನೆ ಅದರ ಬಹು ಬೇಡಿಕೆಯ ತಂಗುಮನೆಗಳಲ್ಲಿ ಒಂದು.

ದೀಪಸ್ತಂಭಗಳು ಸ್ವಯಂಚಾಲಿತವಾದ ಮೇಲೆ ಕಾವಲುಗಾರರ ಮನೆಗಳು ತೆರವಾದವು. ವೇಲ್ಸ್‌ನಲ್ಲಿ ಕೊನೆಗೆ ಹೀಗೆ ಬದಲಾದದ್ದು 1998ರಲ್ಲಿ, ದಕ್ಷಿಣ ತೀರದ ನ್ಯಾಶ್ ಪಾಯಿಂಟ್. 1862ರಲ್ಲಿ ಬೆಳಗಿದ ಗ್ರೇಟ್ ಓರ್ಮ್ ದೀಪಸ್ತಂಭ 1985ರಲ್ಲಿ ಆರಿದ ನಂತರ ಬಿ ಅಂಡ್ ಬಿ ಆಯಿತು. 1176ರಲ್ಲಿ ಮೊದಲ ಐಸ್ಟೆದ್‌ವೊಡ್ ಕವಿಗೋಷ್ಠಿ ನಡೆದ ಕಾರ್ಡಿಗನ್ ಕೋಟೆ 2015ರಲ್ಲಿ ಜೀರ್ಣೋದ್ಧಾರಗೊಂಡು ತೆರೆದಾಗ ಒಳಗೆ ಅತಿಥಿಕೋಣೆಗಳೂ ಇದ್ದವು. ಪುಸ್ತಕಪ್ರಿಯರಿಗೆ ಫ್ಲಿಂಟ್‌ಷೈರ್‌ನ ಹಾರ್ಡನ್‌ನಲ್ಲಿ ಪ್ರಧಾನಿ ಗ್ಲ್ಯಾಡ್‌ಸ್ಟನ್ ತನ್ನ ಗ್ರಂಥಸಂಗ್ರಹದಿಂದ ಕಟ್ಟಿದ ವಸತಿಸಹಿತ ಗ್ರಂಥಾಲಯವಿದೆ. ಬಾಡಿಗೆ ಕೊಟ್ಟು ಅಲ್ಲೇ ಮಲಗಿ, ರಾತ್ರಿಯವರೆಗೂ ಓದಬಹುದು. ವೈ ನದಿಯ ಹೇ ಊರು 1960ರ ದಶಕದಿಂದ ರಿಚರ್ಡ್ ಬೂತ್‌ನ ಪ್ರಯತ್ನದಿಂದ ಹಳೆಯ ಪುಸ್ತಕಗಳ ಪೇಟೆಯಾಗಿ ಬೆಳೆದಿದ್ದು, 1988ರಿಂದ ಅಲ್ಲಿ ಸಾಹಿತ್ಯೋತ್ಸವ ನಡೆಯುತ್ತಿದೆ.

ಪೋರ್ಟ್‌ಮೇರಿಯನ್ ಇವೆಲ್ಲಕ್ಕೂ ಹೊರತು. ವಾಸ್ತುಶಿಲ್ಪಿ ಕ್ಲಫ್ ವಿಲಿಯಮ್ಸ್ ಎಲಿಸ್ 1925ರಲ್ಲಿ ಕೊಂಡ ಅಳಿವೆಯಂಚಿನ ಜಾಗದಲ್ಲಿ ಅರ್ಧ ಶತಮಾನದ ಅವಧಿಯಲ್ಲಿ ಬಣ್ಣಬಣ್ಣದ ಇಡೀ ಹಳ್ಳಿಯೊಂದನ್ನು ಅತಿಥಿಗಳಿಗೆಂದೇ ಕಟ್ಟಿದ. ಬೇರೆಡೆ ಕೆಡವಲಿದ್ದ ಕಟ್ಟಡಗಳ ಬಿಡಿಭಾಗಗಳನ್ನೂ ತಂದು ಸೇರಿಸಿದ. ಸುಂದರ ಸ್ಥಳದಲ್ಲಿ ಕಟ್ಟಿದರೆ ಸ್ಥಳ ಕೆಡಲೇಬೇಕೆಂದಿಲ್ಲ ಎಂದು ತೋರಿಸುವುದು ಅವನ ಹಟವಾಗಿತ್ತು. ನೋಯೆಲ್ ಕವರ್ಡ್ 1941ರಲ್ಲಿ ಬ್ಲೈಥ್ ಸ್ಪಿರಿಟ್ ನಾಟಕ ಬರೆದದ್ದು ಇಲ್ಲೇ.

ಅಗ್ಗದ ವಸತಿಗಳಲ್ಲಿ ಯೂತ್ ಹಾಸ್ಟೆಲ್, ಕ್ಯಾರವಾನ್ ಮತ್ತು ಡೇರೆಗಳು ಮುಖ್ಯ. ಬೆಟ್ಟಗಳ ನಡುವೆ ಬೀಗವಿಲ್ಲದ ಕಲ್ಲುಗುಡಿಸಲುಗಳಿವೆ. ನೀರು, ವಿದ್ಯುತ್, ಹಾಸಿಗೆ ಯಾವುದೂ ಇಲ್ಲದ, ಬಾಡಿಗೆಯೂ ಇಲ್ಲದ ಇವುಗಳನ್ನು 1965ರಲ್ಲಿ ಸ್ಥಾಪನೆಯಾದ ಮೌಂಟನ್ ಬಾತೀಸ್ ಅಸೋಸಿಯೇಷನ್‌ನ ಸ್ವಯಂಸೇವಕರು ನೋಡಿಕೊಳ್ಳುತ್ತಾರೆ. ಹೊಸ ಶತಮಾನದಲ್ಲಿ ಮಂಗೋಲರ ಶೈಲಿಯ ಯುರ್ತ್, ಚಕ್ರವಿರುವ ಕುರುಬರ ಗುಡಿಸಲು, ಮರದ ಪಾಡ್‌ಗಳಲ್ಲಿ ಹಾಸಿಗೆ ಮತ್ತು ಒಲೆ ಇಟ್ಟು ಕೊಡುವ ಗ್ಲ್ಯಾಂಪಿಂಗ್ ಹರಡಿದೆ. ಲಾನ್‌ಗೊಲೆನ್ ಕಾಲುವೆಯಲ್ಲಿ ದೋಣಿಯೇ ಮನೆ. ಅದು ದಾಟುವ 1805ರ ಪೊಂಟ್‌ಕಸಿಲ್ತೆ ಮೇಲ್ಗಾಲುವೆ ಡೀ ನದಿಯಿಂದ 38 ಮೀ. ಎತ್ತರದಲ್ಲಿದೆ.

ಪ್ರದೇಶಗಳು

ವಾಯವ್ಯ ವೇಲ್ಸ್‌ನಲ್ಲಿ ಬೆಟ್ಟ ಮತ್ತು ಕಡಲು ಅರ್ಧ ತಾಸಿನ ಅಂತರದಲ್ಲಿವೆ. ಸ್ನೋಡನ್ ಬುಡದ ಪೆನ್ ಅ ಗುರಿಡ್ ಹೋಟೆಲು 1953ರ ಎವರೆಸ್ಟ್ ತಂಡ ತರಬೇತಿಯ ದಿನಗಳಲ್ಲಿ ತಂಗಿದ್ದ ಜಾಗ. ಅಲ್ಲಿನ ಒಳಮಾಡಿನ ಮೇಲೆ ಆರೋಹಿಗಳ ಸಹಿಗಳಿವೆ. ಪಶ್ಚಿಮಕ್ಕೆ ಚಾಚಿದ ಲೀನ್ ಪರ್ಯಾಯದ್ವೀಪದ ಪೋರ್ತ್ ದಿನ್‌ಲೈನ್ ಹಳ್ಳಿಯನ್ನು 1994ರಲ್ಲಿ ನ್ಯಾಷನಲ್ ಟ್ರಸ್ಟ್ ಕೊಂಡಿತು. ಪರ್ಯಾಯದ್ವೀಪದ ತುದಿಯಾಚೆಯ ಎನ್‌ಲಿ ದ್ವೀಪದಲ್ಲಿ ವಿದ್ಯುತ್ ಜಾಲವಿಲ್ಲದ ಹಳೆಯ ಒಕ್ಕಲುಮನೆಗಳು ವಾರಕ್ಕೆ ಸಿಗುತ್ತವೆ. ಕಡಲು ಕೆರಳಿದರೆ ದೋಣಿ ಬರುವುದಿಲ್ಲ. ಮರಳುವ ದಿನ ಮುಂದೆ ಹೋದರೆ ಅಚ್ಚರಿಯಿಲ್ಲ.

ನೈಋತ್ಯದ ಪೆಂಬ್ರೋಕ್‌ಷೈರ್‌ನಲ್ಲಿ ಕಡಿದಾದ ಬಂಡೆ, ಮರಳಿನ ಕೊಲ್ಲಿ, ಮೀನುಗಾರರ ಬಂದರುಗಳು ಒಂದರ ಪಕ್ಕ ಒಂದಿವೆ. 1970ರಲ್ಲಿ ತೆರೆದ 299 ಕಿಮೀ. ಕರಾವಳಿ ಕಾಲುದಾರಿ ಇವನ್ನು ಪೋಣಿಸುತ್ತದೆ. 2012ರ ಮೇ 5ರಂದು ಇಡೀ ವೇಲ್ಸ್ ತೀರಕ್ಕೆ ವಿಸ್ತರಿಸಿದ ದಾರಿ ಸುಮಾರು 1,400 ಕಿಮೀ. ಉದ್ದವಿದೆ. ಸ್ಕೋಮರ್ ದ್ವೀಪದ ಹಳೆಯ ಒಕ್ಕಲುಮನೆಯಲ್ಲಿ ಕೆಲವೇ ಜನರಿಗೆ ರಾತ್ರಿ ತಂಗಲು ಅವಕಾಶ. ಹಗಲು ಪಫಿನ್ ಹಕ್ಕಿಗಳನ್ನು ನೋಡಿದವರು ಕತ್ತಲಾದ ಮೇಲೆ ಲಕ್ಷಾಂತರ ಮ್ಯಾಂಕ್ಸ್ ಶಿಯರ್‌ವಾಟರ್ ಹಕ್ಕಿಗಳು ಕೂಗುತ್ತ ಬಿಲಗಳಿಗೆ ಮರಳುವುದನ್ನು ಕೇಳುತ್ತಾರೆ. ಉತ್ತರಕ್ಕೆ ಕಾರ್ಡಿಗನ್ ಕೊಲ್ಲಿಯಲ್ಲಿ ಬಾಟಲ್‌ನೋಸ್ ಡಾಲ್ಫಿನ್‌ಗಳಿವೆ. ಅದೇ ತೀರದ ಲಾನ್‌ಗ್ರಾನೊಗ್‌ನಲ್ಲಿ ಉರ್ದ್ ಎಂಬ ವೆಲ್ಷ್ ಮಕ್ಕಳ ಸಂಘಟನೆ 1932ರಿಂದ ಶಿಬಿರ ನಡೆಸುತ್ತಿದೆ. ವೇಲ್ಸ್‌ನ ಎಷ್ಟೋ ತಲೆಮಾರುಗಳು ಮನೆಬಿಟ್ಟು ಮೊದಲ ರಾತ್ರಿ ಕಳೆದದ್ದು ಅಲ್ಲಿ.

ನಡುನಾಡು ಜನವಿರಳ. 1904ರಲ್ಲಿ ಬರ್ಮಿಂಗ್‌ಹ್ಯಾಂ ನಗರಕ್ಕೆ ನೀರೊದಗಿಸಲು ಉದ್ಘಾಟನೆಯಾದ ಎಲಾನ್ ಕಣಿವೆಯ ಅಣೆಕಟ್ಟುಗಳ ಸುತ್ತ ಹಳೆಯ ಉದ್ದಮನೆಗಳು ತಂಗುಮನೆಗಳಾಗಿವೆ. ದೀಪಗಳ ಹೊಳಪಿಲ್ಲದ ಈ ಕಣಿವೆಗೂ ಬನ್ನೈ ಬ್ರಖೈನ್ಯೋಗ್ ಮತ್ತು ಎರರಿ ಉದ್ಯಾನಗಳಿಗೂ ಕತ್ತಲ ಆಗಸದ ಅಂತರರಾಷ್ಟ್ರೀಯ ಮಾನ್ಯತೆ ಇದೆ. ತೆರಪಾದ ರಾತ್ರಿಯಲ್ಲಿ ಅಂಗಳದಿಂದಲೇ ಆಕಾಶಗಂಗೆ ಕಾಣುತ್ತದೆ.

ಊಟ ಮತ್ತು ಉಪಚಾರ

ಮನೆ ತಲುಪಿದಾಗ ಮೇಜಿನ ಮೇಲೆ ಬಾರಾ ಬ್ರಿತ್ ಇಟ್ಟಿರುವುದು ಒಳ್ಳೆಯ ಆತಿಥೇಯರ ರೂಢಿ. ಇದು ಚಹಾದಲ್ಲಿ ನೆನೆಸಿದ ಒಣದ್ರಾಕ್ಷಿ ಹಾಕಿ ಬೇಯಿಸಿದ ಸಿಹಿ ರೊಟ್ಟಿ. ಕಬ್ಬಿಣದ ಕಾವಲಿಯ ಮೇಲೆ ಸುಡುವ ಚಪ್ಪಟೆಯಾದ ವೆಲ್ಷ್ ಕೇಕ್‌ನಲ್ಲೂ ಒಣದ್ರಾಕ್ಷಿ ಇರುತ್ತದೆ. ತೀರದ ಬೆಳಗಿನ ತಟ್ಟೆಗೆ ಬಾರಾ ಲಾರ್ ಬರುತ್ತದೆ. ಬಂಡೆಗಳ ಮೇಲಿನ ಕಡಲಪಾಚಿಯನ್ನು ಗಂಟೆಗಟ್ಟಲೆ ಕುದಿಸಿ, ಓಟ್ಸ್ ಹಿಟ್ಟಿನಲ್ಲಿ ಹೊರಳಿಸಿ ಕರಿದು, ಗವರ್‌ನ ಪೆನ್‌ಕ್ಲಾದ್ ಚಿಪ್ಪುಗಳ ಜತೆ ಬಡಿಸುತ್ತಾರೆ. ಕುರಿಮಾಂಸ ಮತ್ತು ಲೀಕ್ ಎಂಬ ಈರುಳ್ಳಿ ಜಾತಿಯ ಸೊಪ್ಪಿನ ಸಾರಾದ ಕಾವ್ಲ್ ಒಂದು ದಿನ ಇಟ್ಟು ಮರುದಿನ ಬಿಸಿಮಾಡಿ ಉಂಡರೆ ಹೆಚ್ಚು ರುಚಿ ಎನ್ನುತ್ತಾರೆ. ಗಿಣ್ಣು, ಲೀಕ್ ಮತ್ತು ಬ್ರೆಡ್ಡಿನ ಪುಡಿಯಿಂದ ಮಾಡುವ ಗ್ಲಮಾರ್ಗನ್ ಸಾಸೇಜಿನಲ್ಲಿ ಹೆಸರಿಗೆ ವಿರುದ್ಧವಾಗಿ ಮಾಂಸವಿಲ್ಲ.

ಪದ್ಧತಿ ಮತ್ತು ನಿಯಮಗಳು

ಜುಲೈ ಕೊನೆಯಿಂದ ಸೆಪ್ಟೆಂಬರ್ ಆರಂಭದವರೆಗಿನ ಶಾಲಾರಜೆ, ಈಸ್ಟರ್, ಕ್ರಿಸ್ಮಸ್ ದುಬಾರಿ ಕಾಲ. ಮೇ ತಿಂಗಳಲ್ಲಿ ಹಗಲು ದೀರ್ಘವಾಗಿದ್ದು ತೀರದ ಬಂಡೆಗಳು ಹೂ ಹೊದ್ದಿರುತ್ತವೆ; ಚಳಿಗಾಲದಲ್ಲಿ ದರ ಇಳಿಯುತ್ತದೆ. ವಾರದ ಬಾಡಿಗೆ ಶುಕ್ರವಾರ ಇಲ್ಲವೆ ಶನಿವಾರ ಕೈಬದಲಾಗುವುದು ರೂಢಿ. ಹೊರಡುವವರು ಬೆಳಗ್ಗೆ ಹತ್ತರ ಹೊತ್ತಿಗೆ ತೆರವು ಮಾಡಿದರೆ ಬರುವವರಿಗೆ ಮಧ್ಯಾಹ್ನ ಬಾಗಿಲು ತೆರೆಯುತ್ತದೆ. ನಡುವಿನ ಆ ಕೆಲವು ಗಂಟೆಗಳಲ್ಲಿ ಮನೆ ತೊಳೆದು ಹಾಸಿಗೆ ಬದಲಿಸುವ ಸ್ಥಳೀಯ ಹೆಂಗಸರ ದುಡಿಮೆಯ ಮೇಲೆ ಇಡೀ ಉದ್ಯಮ ನಿಂತಿದೆ. ಹಳ್ಳಿರಸ್ತೆಗಳು ಒಂದೇ ವಾಹನದ ಅಗಲದವು. ಎದುರಿನಿಂದ ಬಂದವರಿಗೆ ಹಿಂದೆ ಸರಿದು ದಾರಿ ಕೊಡಬೇಕು. ಊರೊಳಗಿನ ಸಾಮಾನ್ಯ ವೇಗಮಿತಿಯನ್ನು 2023ರ ಸೆಪ್ಟೆಂಬರಿನಲ್ಲಿ ಗಂಟೆಗೆ 20 ಮೈಲಿಗೆ ಇಳಿಸಲಾಯಿತು. ಜಮೀನಿನ ಒಡೆಯರ ಅನುಮತಿಯಿಲ್ಲದೆ ಬಯಲಲ್ಲಿ ಡೇರೆ ಹೂಡುವ ಹಕ್ಕಿಲ್ಲ. ಕುರಿಗಳಿರುವ ಹೊಲ ದಾಟುವಾಗ ನಾಯಿಗೆ ಹಗ್ಗ ಹಾಕಬೇಕು, ತಾವು ತೆರೆದ ಗೇಟನ್ನು ಮತ್ತೆ ಮುಚ್ಚಬೇಕು.

ಕರ್ನಾಟಕದ ನಂಟು

ಇಂಗ್ಲೆಂಡಿನ ಗಡಿಗೆ ಹತ್ತಿರವಿರುವ ವೆಲ್ಷ್‌ಪೂಲ್ ಸುತ್ತಮುತ್ತ ತಂಗುವ ಕನ್ನಡಿಗರು ಪೊವಿಸ್ ಕೋಟೆಯನ್ನು ನೋಡಬೇಕು. ರಾಬರ್ಟ್ ಕ್ಲೈವನ ಮಗ ಎಡ್ವರ್ಡ್ ಕ್ಲೈವ್ 1798ರಿಂದ 1803ರವರೆಗೆ ಮದರಾಸಿನ ಗವರ್ನರನಾಗಿದ್ದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ದೋಚಿದ ವಸ್ತುಗಳಲ್ಲಿ ಕೆಲವು ಅವನ ಕುಟುಂಬದ ಕೈಸೇರಿದವು. ಅವನ ಹೆಂಡತಿ ಹೆನ್ರಿಯೆಟ್ಟ 1800ರಲ್ಲಿ ಹೆಣ್ಣುಮಕ್ಕಳೊಂದಿಗೆ ಬೆಂಗಳೂರು, ಶ್ರೀರಂಗಪಟ್ಟಣಗಳನ್ನು ಸುತ್ತಿದಳು. ಟಿಪ್ಪು ಸುಲ್ತಾನನ ಹೂಬಳ್ಳಿ ಚಿತ್ರಿತ ಹತ್ತಿಯ ಡೇರೆ, ಅವನ ಸಿಂಹಾಸನದ ರತ್ನಖಚಿತ ಹುಲಿಮುಖಗಳಲ್ಲೊಂದು ಇಂದು ಈ ಕೋಟೆಯಲ್ಲಿವೆ. ದಂಡಯಾತ್ರೆಯಲ್ಲಿ ಒಬ್ಬ ಅರಸನಿಗೆ ಮನೆಯಾಗಿದ್ದ ಆ ಡೇರೆ ವೇಲ್ಸ್ ತಲುಪಿದ ಬಗೆಯನ್ನು ಅಲ್ಲಿ ನಿಂತು ನೆನೆಯುವುದು ನೋಡುಗರ ಕರ್ತವ್ಯ.

ಊರು, ಭಾಷೆ ಮತ್ತು ಅತಿಥಿ

2021ರ ಗಣತಿಯಂತೆ ವೇಲ್ಸ್‌ನಲ್ಲಿ ವೆಲ್ಷ್ ಬಲ್ಲವರು ಶೇ. 17.8, ಗ್ವಿನೆದ್ ಜಿಲ್ಲೆಯಲ್ಲಿ ಶೇ. 64.4. ಪ್ರವಾಸಿಗರು ಹೆಚ್ಚು ಇಷ್ಟಪಡುವ ತೀರಗಳೂ ಭಾಷೆ ಬೀದಿಯಲ್ಲಿ ಉಳಿದಿರುವ ಊರುಗಳೂ ಬಹುಪಾಲು ಒಂದೇ. ಹೊರಗಿನವರು ವರ್ಷಕ್ಕೆ ಕೆಲವು ವಾರಗಳಿಗೆಂದು ಮನೆ ಕೊಂಡಾಗ ಬೆಲೆ ಏರಿ ಊರಿನ ಯುವಜನರಿಗೆ ಎಟುಕದಂತಾಗುತ್ತದೆ. ಚಳಿಗಾಲದಲ್ಲಿ ಕಿಟಕಿಗಳು ಕತ್ತಲಾಗುತ್ತವೆ, ಅಂಗಡಿ ಮುಚ್ಚುತ್ತದೆ, ಶಾಲೆಗೆ ಮಕ್ಕಳು ಸಾಲುವುದಿಲ್ಲ. ಲೀನ್‌ನ ಅಬೆರ್‌ಸೋಖ್ ಹಳ್ಳಿಯ ವೆಲ್ಷ್ ಮಾಧ್ಯಮ ಶಾಲೆ 2021ರ ಡಿಸೆಂಬರಿನಲ್ಲಿ ಮುಚ್ಚಿತು. 1979ರಿಂದ ಹತ್ತು ವರ್ಷಕ್ಕೂ ಹೆಚ್ಚು ಕಾಲ ಮೈಬ್ಯೋನ್ ಗ್ಲಿನ್‌ಡೂರ್ ಎಂಬ ಗುಪ್ತ ಗುಂಪು ಇಂಥ ರಜಾಮನೆಗಳೂ ಸೇರಿದಂತೆ ಇನ್ನೂರಕ್ಕೂ ಮಿಕ್ಕ ಆಸ್ತಿಗಳಿಗೆ ಬೆಂಕಿಯಿಟ್ಟಿತ್ತು. ಆ ಹಿಂಸೆಯನ್ನು ಒಪ್ಪದವರೂ ಅದರ ಹಿಂದಿನ ನೋವನ್ನು ಅಲ್ಲಗಳೆಯಲಿಲ್ಲ.

ವೇಲ್ಸ್ ಸರ್ಕಾರ ಕಾನೂನಿನ ದಾರಿ ಹಿಡಿದಿದೆ. 2022ರಲ್ಲಿ ಯೋಜನಾ ನಿಯಮಗಳಡಿ ಮೂಲನಿವಾಸ, ಎರಡನೆಯ ಮನೆ, ಅಲ್ಪಾವಧಿ ಬಾಡಿಗೆ ಮನೆ ಎಂಬ ಬೇರೆಬೇರೆ ವರ್ಗಗಳಾದವು. 2023ರ ಏಪ್ರಿಲ್‌ನಿಂದ ಎರಡನೆಯ ಮನೆಗೆ ಸ್ಥಳೀಯ ತೆರಿಗೆಯ ಮೇಲೆ ಶೇ. 300ರವರೆಗೆ ಹೆಚ್ಚುವರಿ ಹಾಕಲು ಕೌನ್ಸಿಲುಗಳಿಗೆ ಅಧಿಕಾರ ಬಂತು. ವ್ಯಾಪಾರದ ತೆರಿಗೆ ವರ್ಗಕ್ಕೆ ಸೇರಬೇಕಾದರೆ ತಂಗುಮನೆ ವರ್ಷಕ್ಕೆ 182 ದಿನ ನಿಜವಾಗಿ ಬಾಡಿಗೆಗೆ ಹೋಗಿರಬೇಕೆಂಬ ನಿಯಮವೂ ಬಂತು. ಇದು ಖಾಲಿ ಬಿಡುವ ಮನೆಗಳಿಗೆ ಕಡಿವಾಣವಾದರೂ, ಜಮೀನಿನ ಕೊಟ್ಟಿಗೆಯೊಂದನ್ನು ಬೇಸಗೆಯಲ್ಲಿ ಮಾತ್ರ ಬಾಡಿಗೆಗೆ ಕೊಡುವ ರೈತ ಕುಟುಂಬಗಳೂ ಇದರಿಂದ ಕಷ್ಟಕ್ಕೆ ಸಿಲುಕಿದವು. 2025ರ ಕಾಯಿದೆ ಎಲ್ಲ ವಸತಿದಾರರ ನೋಂದಣಿಯನ್ನು ವಿಧಿಸಿ, ಪ್ರತಿ ರಾತ್ರಿಗೆ ಒಬ್ಬರಿಗೆ 1.30 ಪೌಂಡ್, ಡೇರೆ ತಾಣ ಮತ್ತು ಹಾಸ್ಟೆಲುಗಳಲ್ಲಿ 75 ಪೆನ್ಸ್ ಅತಿಥಿ ಶುಲ್ಕ ಹಾಕುವ ಆಯ್ಕೆಯನ್ನು ಕೌನ್ಸಿಲುಗಳಿಗೆ ಕೊಟ್ಟಿದೆ. ಶುಲ್ಕ 2027ಕ್ಕೆ ಮೊದಲು ಜಾರಿಯಾಗದು.

ಆತಿಥ್ಯವೂ ಊರೂ ಒಟ್ಟಿಗೆ ಬದುಕಬಹುದೆಂಬುದಕ್ಕೆ ಲೀನ್ ತೀರದ ನಾಂತ್ ಗುರ್ಥೈರ್ನ್ ಸಾಕ್ಷಿ. ಕಡಿದಾದ ಕಣಿವೆಯ ತಳದಲ್ಲಿ ಕಲ್ಲುಗಣಿಯವರಿಗಾಗಿ ಹತ್ತೊಂಬತ್ತನೆಯ ಶತಮಾನದಲ್ಲಿ ಕಟ್ಟಿದ ಈ ಹಳ್ಳಿ ಗಣಿ ನಿಂತ ಮೇಲೆ ಬರಿದಾಯಿತು. ಸ್ಥಳೀಯ ವೈದ್ಯ ಕಾರ್ಲ್ ಕ್ಲೋಸ್ ಮುಂದಾಳುತನದಲ್ಲಿ ಜನರು ಹಣ ಕೂಡಿಸಿ 1978ರಲ್ಲಿ ಅದನ್ನು ಕೊಂಡರು. 1982ರಲ್ಲಿ ವೆಲ್ಷ್ ಕಲಿಸುವ ತರಗತಿಗಳು ಮೊದಲಾದವು. ಗಣಿಯವರ ಸಾಲುಮನೆಗಳಲ್ಲೇ ಇಂದು ಕಲಿಯುವವರೂ ವಿಹಾರಕ್ಕೆ ಬಂದವರೂ ತಂಗುತ್ತಾರೆ. ಅತಿಥಿ ಕೊಡುವ ಬಾಡಿಗೆ ಭಾಷೆಯ ಪಾಠಕ್ಕೂ ಊರಿನವರ ಸಂಬಳಕ್ಕೂ ಸಲ್ಲುತ್ತದೆ. ಮೇಲಿನ ಲಿಥ್‌ವೈನ್ ಊರಿನ ಪಾನಗೃಹವನ್ನೂ ಮುಚ್ಚಿಹೋಗದಂತೆ ಊರವರೇ 1988ರಲ್ಲಿ ಸಹಕಾರಿಯಾಗಿ ಕೈಗೆತ್ತಿಕೊಂಡರು. ಎಲ್ಲ ತಂಗುಮನೆಗಳೂ ಹೀಗಾಗಲಾರವು. ಆದರೆ ಯಾವ ಮನೆಯಲ್ಲಿ ತಂಗಬೇಕೆಂದು ಆರಿಸುವಾಗ ಬಾಡಿಗೆ ಯಾರ ಕೈಸೇರುತ್ತದೆ, ನೆರೆಮನೆಯಲ್ಲಿ ವರ್ಷವಿಡೀ ಯಾರಾದರೂ ವಾಸವಿದ್ದಾರೆಯೇ ಎಂದು ಕೇಳಿಕೊಳ್ಳುವುದು ಪ್ರತಿಯೊಬ್ಬ ಅತಿಥಿಗೂ ಸಾಧ್ಯ. ದುಡಿಯುವವರು ಕಟ್ಟಿದ ಈ ಮನೆಗಳ ಋಣ ತೀರಿಸಲು ಅದು ಮೊದಲ ಹೆಜ್ಜೆ.